ಡಾನ್ ಜುವಾನ್ ಕೊನೆಗೆ ತಪ್ಪೊಪ್ಪಿಕೊಳ್ಳಬೇಕೇ?

ಪ್ರಶ್ನೆ: ಹದಿನೇಳನೇ ಶತಮಾನದ ಫ್ರೆಂಚ್ ನಾಟಕಕಾರ ಮೋಲಿಯೇರನ ‘ಡಾನ್ ಜುವಾನ್’ ಪ್ರಹಸನವನ್ನು ನಮ್ಮ ಹವ್ಯಾಸಿ ತಂಡ ಮಲೆನಾಡಿಗೆ ಒಗ್ಗಿಸುತ್ತಿದೆ. ಹೆಣ್ಣುಗಳ ಬೆನ್ನುಹತ್ತುವ ನಾಯಕ ಇಲ್ಲಿ ಅಡಿಕೆ ತೋಟದ ಯಜಮಾನರ ಮಗ. ಕಡೆಗೆ ಅವನು ಪಶ್ಚಾತ್ತಾಪಪಟ್ಟರೆ ಜನಕ್ಕೆ ಹಿಡಿಸುತ್ತದೆ ಎಂದು ಕೆಲವರ ವಾದ. ಸರಿಯೇ? ನಾಯಕ ಹಿಂದೆ ಕೊಂದವನ, ನಡೆದು ಬರುವ ಕಲ್ಲಿನ ಪ್ರತಿಮೆಯನ್ನು ಕಡಿಮೆ ಖರ್ಚಿನಲ್ಲಿ ಮಾಡುವುದು ಹೇಗೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಪಶ್ಚಾತ್ತಾಪ ಬೇಡವೇ ಬೇಡ. ಐದನೇ ಅಂಕದಲ್ಲಿ ಅವನು ತಂದೆಯೆದುರು ಬದಲಾದವನಂತೆ ನಟಿಸುತ್ತಾನೆ. ಅದರ ಬೆನ್ನಿಗೇ ನಿಜವಾಗಿ ಬದಲಾದರೆ ಆ ಬೂಟಾಟಿಕೆಗೆ ಅರ್ಥವೇ ಉಳಿಯದು. 1665ರಲ್ಲಿ ಪ್ಯಾರಿಸ್ಸಿನಲ್ಲಿ 15 ಪ್ರದರ್ಶನಗಳಿಗೇ ನಾಟಕ ನಿಂತಿತು. ಆಮೇಲೆ 1677ರಿಂದ ಬಹುಕಾಲ ಆಡಿದ್ದು ನಾಟಕಕಾರ ತೋಮಾ ಕಾರ್ನೇಯ್ ಪದ್ಯಕ್ಕಿಳಿಸಿ ಮೆದುಮಾಡಿದ ಪಾಠವನ್ನು. ನೀವೂ ಅದೇ ದಾರಿ ಹಿಡಿಯಬೇಡಿ.

ಕತ್ತರಿ ಹಾಕುವುದಿದ್ದರೆ ಮೂರನೇ ಅಂಕದಲ್ಲಿ ನಾಯಕ ತೊರೆದ ಹೆಂಡತಿ ಎಲ್ವಿರಾಳ ಅಣ್ಣಂದಿರ ಮಾನಮರ್ಯಾದೆಯ ಚರ್ಚೆಗೆ ಹಾಕಿ. ಆಳು ಸ್ಗಾನರೆಲ್‌ನ ಮೊದಲ ಮಾತೇ ತಂಬಾಕಿನ ಹೊಗಳಿಕೆ. ನಿಮ್ಮಲ್ಲಿ ಅದು ಕವಳವಾಗಲಿ. ಕೊಟ್ಟ ಸಾಲ ವಾಪಸು ಕೇಳಲು ಬರುವ ವರ್ತಕ ದಿಮಾಂಶ್ ಮಂಡಿ ಸಾಹುಕಾರನಾಗಬಹುದು. ನಾಯಕ ಕುರ್ಚಿ ಕೊಟ್ಟು, ಹೆಂಡತಿ, ಮಕ್ಕಳು, ಕೊನೆಗೆ ನಾಯಿಯ ಕ್ಷೇಮವನ್ನೂ ವಿಚಾರಿಸಿ ಬರಿಗೈಲಿ ಸಾಗಹಾಕುತ್ತಾನೆ. ಸಾಹುಕಾರನ ಒಂದು ವಾಕ್ಯವೂ ಪೂರ್ತಿಯಾಗಬಾರದು. ಪೂರ್ತಿಯಾದರೆ ನಗು ಹೋಯಿತು. ಇಬ್ಬರು ಹುಡುಗಿಯರ ನಡುವೆ ಪಿಸುಗುಟ್ಟುವ ದೃಶ್ಯದಲ್ಲಿ ನಾಯಕ ಕಾಲು ಕೀಳದೆ ತಲೆ, ಭುಜ ಮಾತ್ರ ತಿರುಗಿಸಲಿ. ಓಡಾಡಿದರೆ ಲಯ ತಪ್ಪುತ್ತದೆ. ರೈತರಿಗೆ ಮೋಲಿಯೇರ್ ಹಳ್ಳಿಯ ಆಡುಮಾತನ್ನೇ ಕೊಟ್ಟಿದ್ದ, ನೀವೂ ಧೈರ್ಯವಾಗಿ ನಿಮ್ಮೂರಿನ ಮಾತು ಬಳಸಿ.

2006ರಲ್ಲಿ ಇಂಗ್ಲಿಷ್ ನಾಟಕಕಾರ ಪ್ಯಾಟ್ರಿಕ್ ಮಾರ್ಬರ್ ಈ ಕಥೆಯನ್ನು ಲಂಡನ್ನಿನ ಸೋಹೋ ಬಡಾವಣೆಗೆ ತಂದಾಗ ಅಲ್ಲಿನವರೆಲ್ಲ ಕಂಡ ಎರಡನೇ ಚಾರ್ಲ್ಸ್ ಅರಸನ ಪ್ರತಿಮೆಯನ್ನೇ ಆರಿಸಿಕೊಂಡರು. ಮಲೆನಾಡಿನಲ್ಲಿ ವೀರಗಲ್ಲಿನ ಯೋಧ ಎದ್ದುಬರಲಿ. ಕವಚಕ್ಕೆ ಅಡಿಕೆ ಹಾಳೆ ಸಾಕು. ರಾತ್ರಿಯಿಡೀ ನೀರಲ್ಲಿ ನೆನೆಸಿ, ಹೊಟ್ಟು ತುಂಬಿದ ಗೋಣಿಚೀಲಕ್ಕೆ ಬಿಗಿದು ಕಟ್ಟಿ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಸುರುಟಿ ಸೀಳುತ್ತದೆ, ಹಸಿ ಉಳಿದರೆ ಬೂಸು ಹಿಡಿಯುತ್ತದೆ. ನುಣುಪು ಮೈಗೆ ಬಣ್ಣ ನಿಲ್ಲದು. ಮೈದಾ ಅಂಟಿನಲ್ಲಿ ಹಳೆ ಪಂಚೆಯ ತುಂಡು ಹಚ್ಚಿ, ಒಣಗಿದ ಮೇಲೆ ಬೂದು ಬಣ್ಣ ಎರಡು ಸಲ ಬಳಿಯಿರಿ. ನಾಯಕ ಊಟಕ್ಕೆ ಕರೆದಾಗ ಪ್ರತಿಮೆ ನಾಲ್ಕು ಎಣಿಸುವಷ್ಟು ನಿಧಾನಕ್ಕೆ ತಲೆ ಬಾಗಿಸಲಿ, ಮಿಕ್ಕ ಮೈ ಅಲ್ಲಾಡಬಾರದು.

ಒಣ ಹಾಳೆ ಬೇಗ ಹೊತ್ತಿಕೊಳ್ಳುತ್ತದೆ, ಹಾಗಾಗಿ ನಾಯಕನನ್ನು ನುಂಗುವ ಕೊನೆಯ ಬೆಂಕಿಗೆ ನೆಲಮಟ್ಟದ ಕೆಂಪು ದೀಪವೇ ಆಗಬೇಕು. ಅದು ಆರಿ ಎರಡು ಎಣಿಕೆ ಕತ್ತಲು. ಆಮೇಲೆ ಸಾದಾ ಬೆಳಕಿನಲ್ಲಿ ಆಳು ಒಬ್ಬನೇ ನಿಂತು ಅರಚಲಿ: ‘ನನ್ನ ಸಂಬಳ! ನನ್ನ ಸಂಬಳ!’