ಹರಾಜಲ್ಲಿ ‘ಜಾಂಗೋ ಗಿಟಾರ್’ ಬಂದಿದೆ, ಬಿಡ್ ಮಾಡ್ಲಾ?

ಪ್ರಶ್ನೆ: ಸರ್, ನಾನು ಮೈಸೂರಿನವನು, ಈಗ ಪ್ಯಾರಿಸ್‌ನಲ್ಲಿದ್ದೀನಿ, ಜಿಪ್ಸಿ ಜಾಝ್ (ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಹೆಸರುವಾಸಿ ಮಾಡಿದ ಜಾಝ್ ಶೈಲಿ) ಹುಚ್ಚು. ಆನ್‌ಲೈನ್ ಹರಾಜಲ್ಲಿ ‘ಹಳೇ ಜಾಂಗೋ ಗಿಟಾರ್’ ಅಂತ ಒಂದು ಹಾಕಿದ್ದಾರೆ, ಫೋಟೋ ಮೂರೇ ಇರೋದು. ಜಾಂಗೋ ನುಡಿಸ್ತಿದ್ದ ಸೆಲ್ಮರ್ ಕಂಪನಿ ಗಿಟಾರೇ ಇರಬಹುದಾ?

ಉತ್ತರ: ಇರೋ ಚಾನ್ಸ್ ಕಮ್ಮಿ ರೀ. ಸೆಲ್ಮರ್ ಕಂಪನಿ 1932ರಿಂದ 1952ರವರೆಗೆ ಮಾಡಿದ್ದೇ ಸಾವಿರದೊಳಗೆ, ಜಾಂಗೋ ರೈನ್‌ಹಾರ್ಟ್ ನುಡಿಸಿದ 503ನೇ ನಂಬರಿಂದು ನೀವಿರೋ ಊರಿನ ಮ್ಯೂಸಿಯಂನಲ್ಲೇ ಇದೆ. ಬುಸಾಟೊ, ಫಾವಿನೊ, ಡಿ ಮೌರೊ ಇವರೆಲ್ಲ ಅದೇ ಥರದ್ದು ಮಾಡಿದ್ರು, ಅವೂ ಚೆನ್ನಾಗೇ ಇರ್ತವೆ, ಆದ್ರೆ ಸೆಲ್ಮರ್ ರೇಟ್ ಕೊಡೋಕಾಗಲ್ಲ. ಮೊದಲ ಸೆಲ್ಮರ್‌ಗಳಿಗೆ ‘ಡಿ’ ಆಕಾರದ ದೊಡ್ಡ ಬಾಯಿ (ತಂತಿಗಳ ಕೆಳಗೆ ಹಲಗೆಯಲ್ಲಿರೋ ತೂತು), ಆಮೇಲಿನವಕ್ಕೆ ಮೊಟ್ಟೆ ಆಕಾರದ ಸಣ್ಣ ಬಾಯಿ, ಆದ್ರೆ ಇದನ್ನ ಕಾಪಿ ಮಾಡೋದು ಸುಲಭ ಹಾಗಾಗಿ ಬಾಯಿ ನೋಡಿ ಮಾರುಹೋಗ್ಬೇಡಿ.

ಒಳಗಿನ ಲೇಬಲ್ಲು, ಸೀರಿಯಲ್ ನಂಬರು, ಬ್ರಿಡ್ಜ್ (ತಂತಿಗಳನ್ನ ಎತ್ತಿ ಹಿಡಿಯೋ ಮರದ ಪಟ್ಟಿ) ಸುತ್ತಮುತ್ತ ಹಲಗೆ ಕುಸಿದಿದೆಯಾ ಅಂತ ಪಕ್ಕದಿಂದ ತೆಗೆದ ಫೋಟೋ, ಇಷ್ಟನ್ನ ಕೇಳಿ, ಕೊಡಲ್ಲ ಅಂದ್ರೆ ಅಲ್ಲಿಗೆ ಬಿಟ್ಬಿಡಿ. ಮೇಲಿನ ಹಲಗೆ ಬದಲಾಯಿಸಿದ್ರೆ ಬೆಲೆ ಬಿದ್ದೇ ಹೋಗುತ್ತೆ. ಮುಂದೆ ಭಾರತಕ್ಕೆ ತರೋದಿದ್ರೆ ಮರ ಯಾವ್ದು ಅಂತಾನೂ ವಿಚಾರಿಸಿ, ನಮ್ಮ ಬೀಟೆ ಆದ್ರೆ ಅಷ್ಟು ತಲೆನೋವಿಲ್ಲ, ಬ್ರೆಜಿಲ್ ರೋಸ್‌ವುಡ್ ಆದ್ರೆ 1992ರಿಂದ ಗಡಿ ದಾಟಿಸೋಕೆ ಪರ್ಮಿಟ್ ಬೇಕು. ಬಿಡ್ ಮೊತ್ತದ ಮೇಲೆ ಹರಾಜಿನವರ ಕಮಿಷನ್ ಬೇರೆ ಇರುತ್ತೆ, ಅದನ್ನೂ ಸೇರಿಸಿ ಲೆಕ್ಕ ಹಾಕ್ಕೊಳ್ಳಿ.