ಅಜ್ಜನ ಅಂಬಾಸಿಡರ್‌ಗೆ ಬೆಲೆ ಎಷ್ಟು?

ಪ್ರಶ್ನೆ: ಅಜ್ಜ ತೆಗೆದ 1967ರ ಅಂಬಾಸಿಡರ್ ಮಾರ್ಕ್ 2 ನಮ್ಮ ಶೆಡ್ಡಿನಲ್ಲಿದೆ. ಅಜ್ಜ ತೀರಿಕೊಂಡರೂ ಆರ್‌ಸಿ ಅವರ ಹೆಸರಲ್ಲೇ ಉಂಟು. ಗುಜರಿಯವರು ತೂಕಕ್ಕೆ ಕೇಳುತ್ತಿದ್ದಾರೆ. ಭಾವ ಮಾತ್ರ, ಹಳೆ ಬೆಂಜ್ ಒಂದು ಸಾವಿರ ಕೋಟಿಗೂ ಜಾಸ್ತಿಗೆ ಏಲಂ ಆಗಿದೆ, ಸುಮ್ನೆ ಕೊಟ್ಟುಬಿಡಬೇಡ ಅನ್ನುತ್ತಾರೆ. ಪೇಂಟ್ ಹೊಡೆಸಿ ಮಾರಿದರೆ ಒಳ್ಳೆ ಬೆಲೆ ಬಂದೀತಾ?
- ಓದುಗರೊಬ್ಬರು, ಬದಿಯಡ್ಕ

ಉತ್ತರ: ದಯವಿಟ್ಟು ಗುಜರಿಗೆ ಕೊಡಬೇಡಿ. ಪೇಂಟ್ ಕೂಡ ಈಗಲೇ ಬೇಡ.

ಭಾವ ಹೇಳಿದ್ದು ನಿಜ. 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆ 2022ರ ಮೇ ತಿಂಗಳಲ್ಲಿ 13.5 ಕೋಟಿ ಯೂರೋಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 1,100 ಕೋಟಿ ರೂಪಾಯಿ. ಆದರೆ ಅಂಥ ಕಾರು ಮಾಡಿದ್ದೇ ಎರಡು, ಇನ್ನೊಂದನ್ನು ಕಂಪನಿಯೇ ಇಟ್ಟುಕೊಂಡಿದೆ. ಅಂಬಾಸಿಡರ್ ಹಾಗಲ್ಲ, 2014ರವರೆಗೂ ತಯಾರಾಗುತ್ತಿತ್ತು. ಬರೀ ವಯಸ್ಸಿಗೆ ಯಾರೂ ದುಡ್ಡು ಕೊಡುವುದಿಲ್ಲ. ಏಲಂನಲ್ಲೂ ಅಂದುಕೊಂಡ ರೇಟು ಸಿಗಲೇಬೇಕು ಅಂತಿಲ್ಲ: 2023ರಲ್ಲಿ ನ್ಯೂಯಾರ್ಕಿನಲ್ಲಿ 1962ರ ಫೆರಾರಿ ಜಿಟಿಒ ಒಂದಕ್ಕೆ 6 ಕೋಟಿ ಡಾಲರ್‌ಗೂ ಮೇಲೆ ನಿರೀಕ್ಷೆ ಇತ್ತು, ನಿಂತದ್ದು 5.17 ಕೋಟಿಗೆ.

ನಿಮ್ಮ ಕಾರಿನ ಬೆಲೆ ಇರುವುದು ಅದು ಎಷ್ಟು ಕೈ ಹಾಕದೆ ಉಳಿದಿದೆ ಅನ್ನುವುದರಲ್ಲಿ. ಬಾನೆಟ್ ಎತ್ತಿ ನೋಡಿ. ಒಳಗೆ ಹಳೇ 1,489 ಸಿಸಿ ಪೆಟ್ರೋಲ್ ಎಂಜಿನ್ನೇ ಇದೆಯಾ, ಅಥವಾ ಎಷ್ಟೋ ಜನ ಮಾಡಿಸಿದ ಹಾಗೆ ನಡುವೆ ಡೀಸೆಲ್ ಎಂಜಿನ್ ಕೂರಿಸಿದ್ದಾರಾ? ಎಂಜಿನ್ ಮತ್ತು ಚಾಸಿಸ್ ನಂಬರ್ ಆರ್‌ಸಿಗೆ ತಾಳೆಯಾಗಬೇಕು. ಮುಂದಿನ ಗ್ರಿಲ್, ಮೀಟರ್, ಸ್ಟೀರಿಂಗ್, ಗ್ಲಾಸು ಹಳೆಯವೇ ಆಗಿದ್ದರೆ ಬಹಳ ಒಳ್ಳೆಯದು, ಯಾಕೆಂದರೆ ಆ ಕಾಲದ ಪಾರ್ಟ್ಸ್ ಹುಡುಕುವುದರಲ್ಲೇ ಕೊಳ್ಳುವವರ ಜೀವ ಹೋಗುತ್ತದೆ. ನಮ್ಮ ಕಡೆಯ ಮಳೆಗೆ, ಉಪ್ಪು ಗಾಳಿಗೆ ಮೊದಲು ತಿನ್ನಿಸಿಕೊಳ್ಳುವುದು ಅಡಿಯ ತಗಡು. ಮ್ಯಾಟ್ ಎತ್ತಿ ತುಕ್ಕು ನೋಡಿ, ಫೋಟೋ ತೆಗೆದಿಡಿ. ಈಗ ಟಿಂಕರಿಂಗ್ ಮಾಡಿಸಿ ಹೊಳೆಯುವ ಪೇಂಟ್ ಬಳಿದರೆ, ಕೆಳಗೆ ಏನು ಮುಚ್ಚಿದ್ದಾರೋ ಅಂತ ತಿಳಿದವರು ರೇಟು ಇಳಿಸುತ್ತಾರೆ. ಹಾಕಿದ ದುಡ್ಡೂ ವಾಪಸ್ ಬರುವುದಿಲ್ಲ.

ಇನ್ನು ಕಾಗದಪತ್ರ. ವಾರಸುದಾರರೆಲ್ಲ ಒಪ್ಪಿ, ಫಾರಂ 31 ಕೊಟ್ಟು ಆರ್‌ಸಿಯನ್ನು ಒಬ್ಬರ ಹೆಸರಿಗೆ ಮಾಡಿಸಿಕೊಳ್ಳಿ. ಇದಿಲ್ಲದೆ ಮಾರಲು ಹೊರಟರೆ ಬ್ರೋಕರ್ ಹೇಳಿದ್ದೇ ರೇಟು. 50 ವರ್ಷ ದಾಟಿದ ಗಾಡಿಗೆ 2021ರ ಕೇಂದ್ರ ನಿಯಮದಲ್ಲಿ ವಿಂಟೇಜ್ ನೋಂದಣಿಯೂ ಇದೆ: ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಆಮೇಲೆ ದಿನಾ ಪೇಟೆಗೆ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ. ಮಾರುವುದೇ ಗಟ್ಟಿಯಾಗಿದ್ದರೆ ಆ ಖರ್ಚು ಕೊಳ್ಳುವವರಿಗೇ ಬಿಡಿ.

ಕಾರು ನೋಡದೆ ನಾನು ರೇಟು ಹೇಳುವುದು ಸರಿಯಲ್ಲ. ಇದೇ ಮಾಡೆಲ್ ಇತ್ತೀಚೆಗೆ ಮಾರಿದವರನ್ನು ಮಂಗಳೂರು, ಕಣ್ಣೂರಿನ ಕಡೆ ವಿಚಾರಿಸಿ. ಜಾಹೀರಾತಿನ ರೇಟಲ್ಲ, ಕೈಗೆ ಬಂದ ದುಡ್ಡು ಎಷ್ಟು ಅಂತ ಕೇಳಿ.