ಓದುಗರ ಪ್ರಶ್ನೆ: ಮಂತ್ರವಾದಿಯ ಕಥೆ ಶಾಲೆಯ ಕಪಾಟಿನಲ್ಲಿ ಇರಬಹುದೇ?

ಮಕ್ಕಳ ಕಥೆಪುಸ್ತಕಗಳಿಗೆ ಧರ್ಮದ ಕಾರಣಕ್ಕೆ ಬರುವ ಆಕ್ಷೇಪಗಳ ಬಗ್ಗೆ ಉಡುಪಿ, ಮಂಗಳೂರು ಕಡೆಯ ಐದು ಪ್ರಶ್ನೆಗಳನ್ನು ಈ ಸಲ ತೆಗೆದುಕೊಂಡಿದ್ದೇವೆ. ಶಾಲೆಗಳ, ವ್ಯಕ್ತಿಗಳ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಅನುದಾನಿತ ಶಾಲೆ, ಗ್ರಂಥಾಲಯದ ಹೊಣೆ ನನ್ನದು. ಮಂತ್ರ, ಮಾಯದ ಕಥೆಗಳಿರುವ ಆರು ಪುಸ್ತಕಗಳನ್ನು ತೆಗೆಯಬೇಕೆಂದು ಹನ್ನೊಂದು ಪೋಷಕರು ಸಹಿ ಹಾಕಿ ಮನವಿ ಕೊಟ್ಟಿದ್ದಾರೆ. ‘ಗಲಾಟೆ ಬೇಡ ಟೀಚರ್, ಸದ್ಯಕ್ಕೆ ಒಳಗಿಟ್ಟು ಬೀಗ ಹಾಕಿ’ ಎನ್ನುತ್ತಾರೆ ಸಂಚಾಲಕರು. ಏನು ಮಾಡಲಿ?
– ಶಿಕ್ಷಕಿ, ಬ್ರಹ್ಮಾವರ

ಉತ್ತರ: ಬೀಗ ಹಾಕಬೇಡಿ. ಅದರ ಪೆಟ್ಟು ಮೊದಲು ಬೀಳುವುದು ನಿಮಗೇ. ಆರೂ ಪುಸ್ತಕಗಳಿಗೆ ಅಕ್ಸೆಶನ್ ರಿಜಿಸ್ಟರಿನಲ್ಲಿ, ಅಂದರೆ ಗ್ರಂಥಾಲಯದ ಪುಸ್ತಕಗಳ ದಾಖಲೆಯಲ್ಲಿ, ನಂಬರಿದೆ. ವರ್ಷದ ಕೊನೆಗೆ ಸ್ಟಾಕ್ ತಾಳೆ ನೋಡುವಾಗ ಷರಾ ಕಾಲಂನಲ್ಲಿ ಏನು ಬರೆಯುತ್ತೀರಿ? ‘ಕಳೆದಿದೆ’ ಅಂದರೆ ಸುಳ್ಳು, ‘ಹರಿದಿದೆ’ ಅಂದರೂ ಸುಳ್ಳು. ‘ಸಂಚಾಲಕರು ಬಾಯಲ್ಲಿ ಹೇಳಿದರು’ ಎಂದು ಬರೆಯುವ ಹಾಗಿಲ್ಲ. ಮೇಲಾಗಿ, ಒಂದು ಸಲ ಸದ್ದಿಲ್ಲದೆ ತೆಗೆದ ಶಾಲೆಗೆ ಮುಂದಿನ ಪಟ್ಟಿ ಬೇಗನೆ ಬರುತ್ತದೆ. ಆಗ ಬೇಡ ಎನ್ನಲು ನಿಮ್ಮ ಕೈಯಲ್ಲಿ ಯಾವ ನಿಯಮವೂ ಇರುವುದಿಲ್ಲ.

ಮನವಿಗೆ ಇನ್‌ವರ್ಡ್ ನಂಬರ್ ಹಾಕಿ, ಸ್ವೀಕೃತಿ ಕೊಡಿ. ಪುಸ್ತಕ ಆರು ಇರುವುದರಿಂದ ಪುಸ್ತಕಕ್ಕೊಂದರಂತೆ ಆಕ್ಷೇಪದ ನಮೂನೆ ತುಂಬಿಸಿ. ಎ4 ಹಾಳೆಯ ಒಂದು ಮಗ್ಗುಲು ಸಾಕು: ಪುಸ್ತಕ ಪೂರ್ತಿ ಓದಿದ್ದೀರಾ? ಯಾವ ಪುಟ, ಯಾವ ಸಾಲು? ಕಥೆಯಲ್ಲಿ ಆ ಮಾತು ಆಡುವವರು ಯಾರು? ನಿಮ್ಮ ಮಗುವಿಗೆ ಮಾತ್ರ ಬೇಡವೋ, ಮೇಲಿನ ತರಗತಿಗೆ ಸರಿಸಬೇಕೋ, ಎಲ್ಲರಿಗೂ ಬೇಡವೋ? ಬದಲಿಗೆ ಯಾವ ಪುಸ್ತಕ ತರಿಸಬಹುದು? ಯಾರ ಮಾತು ಎಂಬ ಪ್ರಶ್ನೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ವಾಟ್ಸ್ಯಾಪಿನಲ್ಲಿ ತಿರುಗುವ ಒಂದು ಪುಟದ ಫೋಟೋದಲ್ಲಿ ಖಳನ ಮಾತೇ ಪುಸ್ತಕದ ಉಪದೇಶದಂತೆ ಕಾಣುತ್ತದೆ. ಮಹಿಷಾಸುರ ದೇವಿಗೆ ಎದುರಾಡುವ ಮಾತನ್ನಷ್ಟೇ ಕತ್ತರಿಸಿ ಕಳಿಸಿದರೆ ರಾತ್ರಿಯಿಡೀ ಭಕ್ತಿಯಿಂದ ಆಡಿದ ಯಕ್ಷಗಾನದ ಆಟವೂ ದೇವನಿಂದೆಯಾಗಿ ತೋರೀತು.

ಓದಲು ಐದು ಜನರ ಸಮಿತಿ ಸಾಕು: ನೀವು, ಒಬ್ಬ ಭಾಷಾ ಶಿಕ್ಷಕರು, ಬೇರೆ ಬೇರೆ ಸಮುದಾಯದ ಇಬ್ಬರು ಪೋಷಕರು, ಊರಿನ ಒಬ್ಬ ನಿವೃತ್ತ ಮೇಷ್ಟ್ರು. ಸಂಚಾಲಕರು ಸಮಿತಿಯಲ್ಲಿ ಬೇಡ. ತೀರ್ಮಾನದ ಮೇಲೆ ಯಾರಾದರೂ ಮೇಲ್ಮನವಿ ಕೊಟ್ಟರೆ ಕೇಳಲು ಅವರು ಹೊರಗಿರಬೇಕು. ಮುನ್ನೂರು ಪುಟದ ಪುಸ್ತಕಕ್ಕೆ ಎರಡು ವಾರ ಕೊಡಿ. ಪೂರ್ತಿ ಓದದೆ ಬಂದವರಿಗೆ ಮತವಿಲ್ಲ ಎಂದು ಮೊದಲೇ ಬರೆದಿಡಿ, ಇಲ್ಲದಿದ್ದರೆ ಸಭೆ ರಟ್ಟಿನ ಚಿತ್ರದ ಚರ್ಚೆಯಲ್ಲೇ ಮುಗಿಯುತ್ತದೆ. ಇಡೀ ಪುಸ್ತಕ ಜೆರಾಕ್ಸ್ ಮಾಡಿಸಿ ಹಂಚಬೇಡಿ, ಕಾಪಿರೈಟ್ ತೊಂದರೆ ಬರುತ್ತದೆ. ಎರಡು ಮೂರು ಪ್ರತಿ ಎರವಲು ತನ್ನಿ.

ತೀರ್ಮಾನ ಆಗುವವರೆಗೆ ಪುಸ್ತಕ ಶೆಲ್ಫಿನಲ್ಲೇ ಇರಲಿ. ಅಮೆರಿಕದ ಗ್ರಂಥಾಲಯ ಸಂಘ ಬಹುಕಾಲದಿಂದ ಹೇಳುತ್ತಿರುವುದೂ ಇದನ್ನೇ. ಕಾರಣ ಸರಳ: ಮೊದಲೇ ತೆಗೆದಿಟ್ಟರೆ ಸಮಿತಿ ಸೇರಲು ಯಾರಿಗೂ ಅವಸರವಿರುವುದಿಲ್ಲ. ಸರಿಸುವುದಾದರೂ ಕಾರಣ ಓದಿದವರ ಕಾರಣವಾಗಿರಲಿ. ‘ಕೊನೆಯ ಅಧ್ಯಾಯದ ಹಿಂಸೆ ಐದನೇ ತರಗತಿಗೆ ಹೆಚ್ಚಾಯಿತು, ಎಂಟನೆಯವರ ಕಪಾಟಿಗೆ’ ಎಂದರೆ ಯಾರೂ ಒಪ್ಪಬಹುದು. ‘ಭಾವನೆಗೆ ಧಕ್ಕೆ’ ಎಂದಷ್ಟೇ ಬರೆದರೆ ಯಾರ ಭಾವನೆ, ಎಷ್ಟು ಧಕ್ಕೆ ಎಂದು ಅಳೆಯುವ ಕೆಲಸ ಮುಂದೆ ನಿಮ್ಮದೇ ಆಗುತ್ತದೆ.

ಜೊತೆಗೆ ಆ ಆರು ಪುಸ್ತಕಗಳ ಬೆನ್ನಿನ ಚೀಟಿ ನೋಡಿ. ಪುಸ್ತಕಗಳಿಗೆ ವಿಷಯವಾರು ಅಂಕಿ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಇಂಗ್ಲಿಷ್ ಕಾದಂಬರಿ 823, ಕನ್ನಡ ಸಾಹಿತ್ಯ 894.814. ಮಾಟ, ವಾಮಾಚಾರದ ಬಗೆಗಿನ ಪುಸ್ತಕಗಳ ಜಾಗ 133.4. ಹೆಸರಿನಲ್ಲಿ ‘ಮಾಂತ್ರಿಕ’ ಇದೆಯೆಂದು ಕಥೆಪುಸ್ತಕಕ್ಕೆ 133 ಅಂಟಿಸಿದ್ದರೆ, ಇದು ಮಾಟದ ಪುಸ್ತಕ ಎಂದು ಗ್ರಂಥಾಲಯವೇ ಒಪ್ಪಿಕೊಂಡ ಹಾಗೆ. ಇವತ್ತೇ ಚೀಟಿ ಬದಲಿಸಿ.

ಪ್ರಶ್ನೆ: ಆರನೇ ತರಗತಿಯ ಮಗಳ ಓದಿನ ಪಟ್ಟಿಯಲ್ಲಿ ಮಾಟಗಾತಿಯ ಕಥೆಯಿದೆ. ನಮ್ಮ ಪ್ರಾರ್ಥನಾ ಕೂಟದವರು ಬೇಡ ಅನ್ನುತ್ತಾರೆ. ಶಾಲೆಯವರೊಟ್ಟಿಗೆ ಜಗಳ ನನಗೆ ಬೇಡ. ಬೇರೆ ಪುಸ್ತಕ ಕೇಳಬಹುದೇ?
– ತಾಯಿ, ಬೆಂದೂರು, ಮಂಗಳೂರು

ಉತ್ತರ: ಧಾರಾಳವಾಗಿ ಕೇಳಿ. ನಿಮ್ಮ ಮಗಳು ಏನು ಓದಬೇಕೆಂಬಲ್ಲಿ ನಿಮ್ಮ ಮಾತು ನಡೆಯಬೇಕು. ಪಕ್ಕದ ಬೆಂಚಿನ ಹುಡುಗಿಯ ವಿಷಯ ಅವಳ ತಾಯಿಯದು. ಡೈರಿಯಲ್ಲಿ ಬರೆಯಬೇಡಿ, ಬೇರೆ ಮಕ್ಕಳ ಕಣ್ಣಿಗೆ ಬೀಳುತ್ತದೆ. ಬೇರೆ ಹಾಳೆಯಲ್ಲಿ ಕ್ಲಾಸ್ ಟೀಚರಿಗೆ ನಾಲ್ಕು ಸಾಲು ಬರೆಯಿರಿ: ಪುಸ್ತಕದ ಹೆಸರು, ನಿಮ್ಮ ಮಗಳಿಗೆ ಮಾತ್ರ ಬದಲಿ ಬೇಕೆಂಬ ಕೋರಿಕೆ, ಹೆಚ್ಚುಕಡಿಮೆ ಅಷ್ಟೇ ಪುಟದ ಎರಡು ಬದಲಿ ಹೆಸರು, ಅಷ್ಟೇ ಅಂಕ. ಆ ಪಾಠ ನಡೆಯುವಾಗ ಅವಳನ್ನು ಜಗಲಿಯಲ್ಲಿ ಕೂರಿಸಬಾರದು, ಗ್ರಂಥಾಲಯದಲ್ಲಿ ಓದಿಸಿ ಎಂದೂ ಸೇರಿಸಿ. ಸಾಮಾನ್ಯವಾಗಿ ಕೆಡುವುದು ಅಲ್ಲೇ: ಬದಲಿ ಪುಸ್ತಕ ಸಿಗುತ್ತದೆ, ಮಗು ಬಾಗಿಲ ಹೊರಗೆ ಕೂರುತ್ತದೆ. ‘ಇಂಥ ಪುಸ್ತಕ ಬೇಡ’ ಎಂದು ಮೋಘಂ ಬರೆಯಬೇಡಿ. ಟೀಚರ್ ಹೆದರಿ ಅಜ್ಜಿಕಥೆಗಳನ್ನೂ ಬಿಟ್ಟಾರು.

ಸಂವಿಧಾನದ 28(3)ನೇ ವಿಧಿಯಂತೆ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ ಪೋಷಕರ ಒಪ್ಪಿಗೆ ಇಲ್ಲದೆ ಮಗುವಿಗೆ ಧಾರ್ಮಿಕ ಬೋಧನೆ ಮಾಡುವಂತಿಲ್ಲ. ಕಥೆ ಓದಿಸುವುದು ಧಾರ್ಮಿಕ ಬೋಧನೆಯಲ್ಲ, ಆದ್ದರಿಂದ ಆ ವಿಧಿ ಎತ್ತಿ ವಾದಿಸಬೇಡಿ. ಸೌಜನ್ಯದ ಕೋರಿಕೆಯೇ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಕೂಟದವರ ಮಾತು ಆಧಾರವಿಲ್ಲದ್ದಲ್ಲ. ಧರ್ಮೋಪದೇಶಕಾಂಡ 18:10–12 ಕಣಿ ಹೇಳುವುದನ್ನು, ಮಾಟಮಂತ್ರವನ್ನು ಖಂಡಿಸುತ್ತದೆ. ಇಸ್ಲಾಮಿನಲ್ಲಿ ಸಿಹ್ರ್‌ಗೆ, ಅಂದರೆ ಮಾಟಕ್ಕೆ, ಇರುವ ನಿಷೇಧವೂ ಅಷ್ಟೇ ಕಟ್ಟುನಿಟ್ಟು. ಆದರೆ ನಿಷೇಧ ಇರುವುದು ಮಾಡುವುದಕ್ಕೆ. ಕಥೆಯಲ್ಲಿ ಓದುವುದೂ ಅದರಲ್ಲಿ ಸೇರುತ್ತದೆಯೇ ಎಂಬಲ್ಲಿ ಭಕ್ತರಲ್ಲೇ ಒಮ್ಮತವಿಲ್ಲ. ಅರಸನಾದ ಸೌಲನು ವೇಷ ಮರೆಸಿಕೊಂಡು ಎಂದೋರಿನ ಹೆಂಗಸಿನ ಹತ್ತಿರ ಸತ್ತವರನ್ನು ಕರೆಸಲು ಹೋಗುವ ಪ್ರಸಂಗ ಬೈಬಲಿನಲ್ಲೇ, ಸಮುವೇಲನ ಮೊದಲ ಪುಸ್ತಕದ 28ನೇ ಅಧ್ಯಾಯದಲ್ಲಿದೆ. ಇಂಗ್ಲಿಷಿನ ದೊಡ್ಡ ಮಾಯಾಕಥೆಗಾರರಲ್ಲಿ ಟಾಲ್ಕಿನ್ ಕಟ್ಟಾ ಕ್ಯಾಥೊಲಿಕ್, ಲೂಯಿಸ್ ಆಂಗ್ಲಿಕನ್. ಅವರ ಪುಸ್ತಕಗಳಿಗೂ ಆಕ್ಷೇಪ ತಪ್ಪಲಿಲ್ಲ.

ಇನ್ನು ನಿಮ್ಮ ತಳಮಳಕ್ಕೆ ಅರ್ಧ ಕಾರಣ ಅನುವಾದವೇ ಇರಬಹುದು. ಇಂಗ್ಲಿಷ್ ಮಕ್ಕಳ ಕಥೆಯ ‘ವಿಚ್’ ಅಂದರೆ ಚೂಪು ಟೋಪಿ ಹಾಕಿ ಹಿಡಿಸೂಡಿ ಮೇಲೆ ಹಾರುವ ಮುದುಕಿ. ನಮ್ಮ ಕಡೆ ‘ಮಾಟ’ ಅಂದೊಡನೆ ಕಣ್ಣಿಗೆ ಬರುವುದು ಅಂಗಳದ ಮೂಲೆಯಲ್ಲಿ ಹೂತಿಟ್ಟ ತಗಡು, ಕುಂಕುಮ ಬಳಿದ ನಿಂಬೆಹಣ್ಣು. ಮೂಲ ಪುಸ್ತಕವನ್ನೊಮ್ಮೆ ತಿರುವಿ ನೋಡಿ, ಆಮೇಲೆ ಪತ್ರ ಬರೆಯಿರಿ.

ಪ್ರಶ್ನೆ: ಗ್ರಂಥಾಲಯದಲ್ಲಿ ‘ಫ್ಯಾಂಟಸಿ’ ಎಂಬ ಬೋರ್ಡಿನ ಕೆಳಗೆ ಯಕ್ಷಿಣಿ ಕಥೆಗಳ ಜೊತೆ ನಮ್ಮ ದೈವಗಳ ಕಥೆಯನ್ನೂ ಇಟ್ಟಿದ್ದಾರೆ. ಊರ ಯುವಕರು ಆ ಪುಸ್ತಕವನ್ನೇ ತೆಗೆಯಿರಿ ಅನ್ನುತ್ತಿದ್ದಾರೆ.
– ಎಸ್‌ಡಿಎಂಸಿ ಸದಸ್ಯರು, ಮೂಲ್ಕಿ

ಉತ್ತರ: ಆಕ್ಷೇಪ ಸರಿ, ಕೇಳಿದ ಪರಿಹಾರ ತಪ್ಪು. ವರ್ಷ ವರ್ಷ ಮನೆಯಲ್ಲಿ ಕೋಲ ನೋಡುವ, ಗಂಧಪ್ರಸಾದ ತೆಗೆದುಕೊಳ್ಳುವ ಮಗುವಿಗೆ ಆ ಬೋರ್ಡು ‘ಇದೆಲ್ಲ ಸುಳ್ಳು’ ಎಂದು ಹೇಳಿದಂತಾಗುತ್ತದೆ. ತುಳುವಿನ ಕಥನಗೀತೆಯಾದ ಪಾಡ್ದನದಲ್ಲಿ ‘ಮಾಯ’ವಾಗುವುದು ಎಂದರೆ ಜಾದೂಗಾರ ಮೊಲ ಮಾಯ ಮಾಡುವ ಹಾಗಲ್ಲ, ಜೋಗ, ಅಂದರೆ ಈ ಲೋಕದ ರೂಪ, ಬಿಟ್ಟು ಕಣ್ಣಿಗೆ ಕಾಣದ ಮಾಯಕ್ಕೆ ಸಂದವರು ದೈವವಾಗಿ ನಿಲ್ಲುತ್ತಾರೆ. ಪುಸ್ತಕ ಇರಲಿ, ಬೋರ್ಡು ಬದಲಿಸಿ. ಪಾಡ್ದನ, ಐತಿಹ್ಯ, ಅಜ್ಜಿಕಥೆಗಳು 398.2ರಲ್ಲಿ, ‘ತುಳುನಾಡಿನ ಜಾನಪದ’ ಎಂಬ ಹೆಸರಿನಡಿ. ಪುರಾಣಗಳು 294.5ರಲ್ಲಿ. ಬೈಬಲ್ ಕಥೆ 220, ಇಸ್ಲಾಮಿನವು 297. ‘ಫ್ಯಾಂಟಸಿ’ ಬೋರ್ಡು ಒಬ್ಬ ಲೇಖಕ ಕಟ್ಟಿದ ಕಥೆಗಳಿಗೆ ಮಾತ್ರ. ಸ್ಕೆಚ್ ಪೆನ್ನು, ರಟ್ಟು, ಅರ್ಧ ದಿನದ ಕೆಲಸ. ಯುವಕರನ್ನೇ ಕರೆದು ಮಾಡಿಸಿ.

ಪ್ರಶ್ನೆ: ಅಮೆರಿಕದಲ್ಲಿ ಹ್ಯಾರಿ ಪಾಟರ್ ನಿಷೇಧವಾಗಿದೆಯಂತೆ, ಹೌದೇ? ಇಲ್ಲಿ ನಿಷೇಧಿಸುವುದು ಯಾರು? ‘ಮನೆಯಿಂದ ಒಪ್ಪಿಗೆ ಚೀಟಿ ತಂದವರಿಗೆ ಮಾತ್ರ ಪುಸ್ತಕ’ ಎಂದರೆ ಎಲ್ಲರಿಗೂ ಸಮಾಧಾನ ಅಲ್ಲವೇ?
– ಪೋಷಕರು, ಉಳ್ಳಾಲ

ಉತ್ತರ: ದೇಶಕ್ಕೆ ದೇಶವೇ ನಿಷೇಧಿಸಿಲ್ಲ. 2000–2009ರ ದಶಕದಲ್ಲಿ ಅಲ್ಲಿನ ಶಾಲೆ, ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪ ಬಂದದ್ದು ಆ ಸರಣಿಗೇ, ಮುಖ್ಯವಾಗಿ ಮಾಟಮಂತ್ರದ ಕಾರಣಕ್ಕೆ. 2001ರ ಡಿಸೆಂಬರಿನಲ್ಲಿ ನ್ಯೂ ಮೆಕ್ಸಿಕೋದ ಒಂದು ಚರ್ಚಿನವರು ಬೆಂಕಿಗೂ ಹಾಕಿದರು. ಕೆಲವು ಶಾಲೆಗಳು ತೆಗೆದವು, ಕೆಲವು ಮತ್ತೆ ಇಟ್ಟವು.

ನೀವು ಹೇಳುವ ಒಪ್ಪಿಗೆ ಚೀಟಿಯ ಉಪಾಯವೂ ಅಲ್ಲಿ ಆಗಿಹೋಗಿದೆ. ಅರ್ಕಾನ್ಸಾದ ಸೀಡರ್‌ವಿಲ್‌ನಲ್ಲಿ ಪುಸ್ತಕ ಓದಿದ ಸಮಿತಿ ಇರಲಿ ಎಂದು ಒಮ್ಮತದಿಂದ ಹೇಳಿತ್ತು. ಶಾಲಾ ಮಂಡಳಿ 3–2 ಮತದಿಂದ ಅದನ್ನು ತಳ್ಳಿಹಾಕಿ ಚೀಟಿಯ ನಿಯಮ ಮಾಡಿತು. 2003ರಲ್ಲಿ ಫೆಡರಲ್ ನ್ಯಾಯಾಲಯ ಪುಸ್ತಕಗಳನ್ನು ತೆರೆದ ಶೆಲ್ಫಿಗೆ ಮರಳಿಸಲು ಆದೇಶಿಸಿತು. ಕಾರಣ, ಮೊಕದ್ದಮೆ ಹೂಡಿದ ಮನೆಯ ಹುಡುಗಿಗೆ ತಂದೆತಾಯಿಯ ಒಪ್ಪಿಗೆಯಿದ್ದರೂ ಆ ಪುಸ್ತಕ ಕೇಳಿ ಪಡೆಯುವುದೇ ಒಂದು ಕಳಂಕದಂತಾಗುತ್ತಿತ್ತು. ನಮ್ಮ ಕಾನೂನು ಬೇರೆ, ಆದರೆ ಮಕ್ಕಳ ಮನಸ್ಸು ಅದೇ. ಅದರ ಬದಲು ಬೇಡ ಎನ್ನುವ ಮನೆಯವರೇ ಬರೆದುಕೊಡಲಿ. ಆ ಮಗುವಿನ ಲೈಬ್ರರಿ ಕಾರ್ಡಿನ ಒಳಬದಿಯಲ್ಲಿ ಪುಸ್ತಕದ ಅಕ್ಸೆಶನ್ ನಂಬರನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದರೆ ಸಾಕು.

ಇಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕುವ ಅಧಿಕಾರ ರಾಜ್ಯ ಸರ್ಕಾರದ್ದು: ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 95, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 98. ಅಧಿಸೂಚನೆಯಲ್ಲಿ ಕಾರಣ ಬರೆಯಲೇಬೇಕು, ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು. ಶಾಲೆ ತೆಗೆದಿಟ್ಟರೆ ಅದು ಶಾಲೆಯ ತೀರ್ಮಾನ, ನಿಷೇಧವಲ್ಲ. ಧಾರ್ಮಿಕ ಭಾವನೆ ಕೆರಳಿಸುವ ಅಪರಾಧಕ್ಕೆ, ಅಂದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 299ಕ್ಕೆ, ಉದ್ದೇಶಪೂರ್ವಕ ದ್ವೇಷ ಇರಬೇಕು. ಹಿಡಿಸೂಡಿಯಲ್ಲಿ ಹಾರುವ ಹುಡುಗನ ಕಥೆ ಇಟ್ಟ ಹೆಡ್‌ಮಾಸ್ಟರ್ ಆ ಕಲಮಿಗೆ ಹೆದರಬೇಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಶಾಲಾ ಗ್ರಂಥಾಲಯದಲ್ಲಿ ಕಥೆಪುಸ್ತಕ ಇರಬೇಕೆನ್ನುತ್ತದೆ.

ಪ್ರಶ್ನೆ: ಮೌಢ್ಯ ನಿಷೇಧ ಕಾಯ್ದೆ ಬಂದ ಮೇಲೆ ಮಂತ್ರವಾದಿಯ ಕಥೆ ಶಾಲೆಯಲ್ಲಿ ಇಡುವುದೇ ತಪ್ಪಂತೆ?
– ಶಿಕ್ಷಕರು, ಕಾರ್ಕಳ

ಉತ್ತರ: ಇಲ್ಲ. 2017ರ ಆ ಕಾಯ್ದೆ ಹಿಡಿಯುವುದು ಅನುಸೂಚಿಯಲ್ಲಿ ಪಟ್ಟಿ ಮಾಡಿದ ಅಮಾನವೀಯ ಆಚರಣೆಗಳನ್ನು. ಕಥೆಯೊಳಗಿನ ಮಂತ್ರವಾದಿ ಆ ಪಟ್ಟಿಯಲ್ಲಿಲ್ಲ. ಕಾಯ್ದೆಯ ಹೆಸರು ಹೇಳಿ ಪುಸ್ತಕ ತೆಗೆಯಿರಿ ಎಂದು ಬಂದವರಿಂದ ಕಲಂ ನಂಬರನ್ನು ಅದೇ ಆಕ್ಷೇಪದ ನಮೂನೆಯಲ್ಲಿ ಬರೆಸಿಕೊಳ್ಳಿ.